ಗಂಜಿ ಹಾಕಿದ ಡ್ರ್ಯಾಗನ್‌ಗಳು

“ಗೋಡೆಯ ಗೂಡಲ್ಲಿ ಜಾಗ ಮಾಡಿಡು. ಈ ಭಾನುವಾರ ಕಪ್ ಬರ್ತಾ ಇದೆ,” ಎಂದು ಗರಿಗರಿಯಣ್ಣ ಊಟಕ್ಕೆ ಕೂತವನೇ ಘೋಷಿಸಿದ.

ಗರಿಗರಿಯಣ್ಣನೆಂದರೆ ಮೂಲೆಯ ಲಾಂಡ್ರಿಯವನು. ಅವನು ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ, ಒಳಗೆ ಮನುಷ್ಯನಿಲ್ಲದಿದ್ದರೂ ತಾನೇ ಎದ್ದು ನಿಲ್ಲುತ್ತಿತ್ತು. ಅಷ್ಟು ಗರಿಗರಿ! ಅದಕ್ಕೇ ಆ ಹೆಸರು. ಇಂಥವನಿಗೆ ಕಾರ್ಡಿನಾಟದ ಹುಚ್ಚು ಹತ್ತಿಸಿದವನು ಹೆಂಡತಿಯ ತಮ್ಮ, ಬೀಗ ರಿಪೇರಿ ಮಾಡುವವನು. ಇದು ರಾಜ, ರಾಣಿ, ಗುಲಾಮರ ಇಸ್ಪೀಟಲ್ಲ. ಒಂದೊಂದು ಕಾರ್ಡಿನ ಮೇಲೂ ಒಂದೊಂದು ಮೃಗ, ಭೂತ, ಮಂತ್ರ. ಅಂಗಡಿಯಿಂದ ತಂದು, ಬೇರೆಯವರೊಡನೆ ಅದಲುಬದಲು ಮಾಡಿ, ಆರಿಸಿ ಆರಿಸಿ ಅರವತ್ತು ಕಾರ್ಡಿನ ಒಂದು ಕಟ್ಟು ಮಾಡಿಕೊಳ್ಳಬೇಕು. ಆ ಕಟ್ಟೇ ಸೈನ್ಯ. ಎದುರು ಕೂತವನ ಸೈನ್ಯದೊಡನೆ ಅದು ಕಾದಬೇಕು.

ಸೈನ್ಯಕ್ಕೊಂದು ರಣರಂಗ ಬೇಡವೇ? ಮುಂದಿನ ಕೋಣೆಯ ದೊಡ್ಡ ಮೇಜನ್ನು ಗರಿಗರಿಯಣ್ಣ ವಶಪಡಿಸಿಕೊಂಡ. ಆ ಮೇಜು ಹೆಂಡತಿಯದು. ಅವಳು ಬಟ್ಟೆ ಹೊಲಿಯುವವಳು. ಶಾಲಾಮಕ್ಕಳ ಸಮವಸ್ತ್ರಗಳನ್ನೆಲ್ಲ ಅದರ ಮೇಲೇ ಹರಡಿ ಕತ್ತರಿಸುತ್ತಿದ್ದಳು. ಈಗ ಮೇಜಿನ ಮೇಲೆ ಡ್ರ್ಯಾಗನ್‌ಗಳು, ನೆಲದ ಮೇಲೆ ಹೆಂಡತಿ. ದಿನವಿಡೀ ಮಂಡಿಯೂರಿ, ಬಗ್ಗಿ ಕತ್ತರಿಸಿ, ಸಂಜೆ ಏಳುವಾಗ ಅವಳ ಸೊಂಟ ಬಾಗಿಲ ಚೌಕಟ್ಟನ್ನು ಹಿಡಿಯದೆ ನೆಟ್ಟಗಾಗುತ್ತಿರಲಿಲ್ಲ.

ಕಪ್‌ನ ಮಾತು ಕೇಳಿ ಅವಳು ಅನ್ನ ಬಡಿಸುವುದನ್ನು ನಿಲ್ಲಿಸಿದಳು. “ಕಪ್ ಬೇಡ ರೀ. ಒಂದೇ ಒಂದು ಪಂದ್ಯ ಗೆದ್ಕೊಂಡು ಬನ್ನಿ ಸಾಕು. ಮೇಜು ನಿಮ್ದೇ, ನಾನು ಮತ್ತೆ ಬಾಯಿ ಬಿಡಲ್ಲ. ಒಂದೂ ಗೆಲ್ಲದೆ ಬಂದ್ರೋ, ಮೇಜು ನನ್ನದು.”

ಒಂದೇ ಒಂದು! ಹುಲಿ ಹೊಡೆಯಲು ಹೊರಟವನಿಗೆ ಸೊಳ್ಳೆ ಹೊಡೆದುಕೊಂಡು ಬಾ ಎಂದಂತಾಯಿತು. ಆದರೂ ದೊಡ್ಡ ಮನಸ್ಸು ಮಾಡಿ ಒಪ್ಪಿದ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ, ಅವನ ಕಟ್ಟು ಚೆನ್ನಾಗಿಯೇ ಇತ್ತು. ಮೊದಮೊದಲು ಸಿಕ್ಕಸಿಕ್ಕ ಡ್ರ್ಯಾಗನ್‌ಗಳನ್ನೆಲ್ಲ ತುಂಬಿಕೊಂಡು ಕಂಡಕಂಡವರ ಕೈಲಿ ಸೋತಿದ್ದ. ಡ್ರ್ಯಾಗನ್ ಕಣಕ್ಕೆ ಇಳಿಯಬೇಕಾದರೆ ಶಕ್ತಿಯ ಕಾರ್ಡುಗಳು ಬೇಕು. ಅವಿಲ್ಲದಿದ್ದರೆ ಅದು ಕೈಯಲ್ಲೇ ಆಕಳಿಸುತ್ತ ಕೂತಿರುತ್ತದೆ. “ಭಾವ, ಮನೆ ತುಂಬ ನೆಂಟರನ್ನ ಕರೆದಿದ್ದೀರಿ, ಒಲೆಗೆ ಸೌದೇನೇ ಇಲ್ಲ,” ಎಂದು ಬಾಮೈದ ಕಿಚಾಯಿಸಿದ್ದ. ಮಾತು ನಾಟಿತು. ಹೆತ್ತ ಮಕ್ಕಳನ್ನು ಹಾಸ್ಟೆಲಿಗೆ ಕಳಿಸುವವನಂತೆ ಒಂದೊಂದೇ ಡ್ರ್ಯಾಗನ್ ತೆಗೆದ. ಶಕ್ತಿ ಸೇರಿಸಿದ. ಮೊದಲ ಸುತ್ತಿನಲ್ಲೇ ಓಡಿಬಂದು ಕಚ್ಚುವ ಚಿಲ್ಲರೆ ಹಲ್ಲಿಗಳನ್ನೂ ಸೇರಿಸಿದ. ಅಭ್ಯಾಸಕ್ಕೆ ಹೆಂಡತಿಯನ್ನೇ ಎದುರು ಕೂರಿಸಿಕೊಂಡ. ಅವಳು ಗುಂಡುಸೂಜಿ ಕಚ್ಚಿಕೊಂಡೇ ಆಡುತ್ತಿದ್ದಳು, ಹಾಗಾಗಿ ಗೆದ್ದಾಗಲೂ ನಗುವಂತಿರಲಿಲ್ಲ. ಬರಬರುತ್ತ ಅವಳೂ ಸೋಲತೊಡಗಿದಳು. ಬಾಮೈದನೇ ತಲೆದೂಗಿದ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಕಲಸಿ ಕಲಸಿ ಕಾರ್ಡುಗಳು ಮೆತ್ತಗಾಗಿದ್ದವು, ಮೂಲೆಗಳು ಮಡಚಿದ್ದವು. ಎಲ್ಲರೂ ಪ್ರತಿ ಕಾರ್ಡಿಗೂ ಪ್ಲಾಸ್ಟಿಕ್ ಕವರು ತೊಡಿಸುತ್ತಾರೆ, ನೀವೂ ತೊಡಿಸಿ ಎಂದು ಬಾಮೈದ ಹೇಳಿದ. ಗರಿಗರಿಯಣ್ಣನ ಕುಲಕಸುಬಿಗೇ ಅವಮಾನವಾಯಿತು. ಸುಕ್ಕಾದದ್ದನ್ನು ಸರಿಮಾಡುವುದೇ ಜನ್ಮವಿಡೀ ಮಾಡಿದ ಕೆಲಸ, ಈಗ ಮೆತ್ತಗಾದ ಡ್ರ್ಯಾಗನ್‌ಗೆ ಮಳೆಕೋಟು ತೊಡಿಸಿ ಮರ್ಯಾದೆ ಕಳೆದುಕೊಳ್ಳುವುದೇ?

ಲಾಂಡ್ರಿಯಲ್ಲಿ ತಿಳಿಯಾಗಿ ಗಂಜಿ ಕಾಯಿಸಿದ. ಬಟ್ಟೆಯನ್ನು ಅದರಲ್ಲಿ ಅದ್ದಿ ಒಂದೊಂದು ಕಾರ್ಡಿಗೂ ಹಚ್ಚಿದ, ಮೇಲೆ ತೆಳುವಾದ ಕರವಸ್ತ್ರ ಹಾಸಿ ಹದವಾದ ಬಿಸಿಯಲ್ಲಿ ಇಸ್ತ್ರಿ ಎಳೆದ, ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟ. ಪ್ಯಾಂಟು ಒಯ್ಯಲು ಬಂದ ಗಿರಾಕಿಗಳು, ಕಾಲ್ಚೀಲಗಳ ಪಕ್ಕದಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ಬೆಂಕಿಯುಗುಳುವ ಮೃಗಗಳನ್ನು ನೋಡಿ ಚಿಲ್ಲರೆ ಮರೆತು ಹೋದರು. ಒಣಗಿದ ಮೇಲೆ ಕಟ್ಟನ್ನು ಕಲಸಿದರೆ ಟಪಟಪ ಚಪ್ಪಾಳೆಯ ಸದ್ದು!

ಹೆಂಡತಿ ಒಂದು ಕಾರ್ಡನ್ನು ಬೆರಳಲ್ಲಿ ತಿಕ್ಕಿ ನೋಡಿದಳು. “ಗಂಜಿ ಕಾಲರು ಬೆವರಿಗೆ ಕುತ್ತಿಗೆಗೆ ಅಂಟ್ಕೊಳ್ಳಲ್ವಾ?”

“ಡ್ರ್ಯಾಗನ್ ಬೆವರಲ್ಲ ಕಣೇ,” ಎಂದ ಗರಿಗರಿಯಣ್ಣ.

ಡ್ರ್ಯಾಗನ್ ಬೆವರಲಿಲ್ಲ. ಬೆವರಿದವನು ಅವನು. ಭಾನುವಾರದ ಪಂದ್ಯಗಳು ನಡೆದದ್ದು ಆಟಿಕೆ ಅಂಗಡಿಯ ಮಹಡಿಯಲ್ಲಿ. ಹೊರಗೆ ಜಿನುಗು ಮಳೆ, ಕಾರ್ಡು ಹಾರಬಾರದೆಂದು ಕಿಟಕಿಗಳೆಲ್ಲ ಬಂದ್, ಒಳಗೆ ಕಿಕ್ಕಿರಿದ ಜನ. ಗಂಜಿಗೆ ಇನ್ನೇನು ಬೇಕು? ತಾನು ಮೂಲತಃ ಅಂಟೆಂಬುದು ಅದಕ್ಕೆ ಥಟ್ಟನೆ ನೆನಪಾಯಿತು.

ಮೊದಲ ಎದುರಾಳಿ ಒಬ್ಬ ಹಲ್ಲಿನ ಡಾಕ್ಟರು. ಗರಿಗರಿಯಣ್ಣ ಒಂದು ಕಾರ್ಡು ಎಳೆದರೆ ಎರಡು ಬಂದವು. ಡಾಕ್ಟರು ಹುಳುಕು ಹಲ್ಲು ಕಂಡವರಂತೆ ಬಗ್ಗಿ ನೋಡಿದರು. “ಎರಡು ಬಂತಲ್ಲ ಸಾರ್,” ಎಂದು ನಯವಾಗಿ ಹೇಳಿ ಕೈ ಎತ್ತಿದರು. ತೀರ್ಪು ಹೇಳುವ ಅಂಗಡಿಯಾಕೆ ಬಂದಳು, ಎಚ್ಚರಿಕೆ ಕೊಟ್ಟಳು. ಮುಂದಿನ ಸಲ ಮೂರು ಬಂದವು. ಆಕೆ ಕಟ್ಟನ್ನು ಎತ್ತಿ ಮೂಸಿ, ಇದೇನು ವಾಸನೆ ಎಂದು ಕೇಳಿದಳು.

“ಶುಭ್ರತೆ, ಮೇಡಂ,” ಎಂದ ಗರಿಗರಿಯಣ್ಣ.

ಶುಭ್ರತೆಗೆ ನಿಯಮದಲ್ಲಿ ರಿಯಾಯಿತಿ ಇರಲಿಲ್ಲ. ಪಂದ್ಯ ಡಾಕ್ಟರಿಗೆ ಹೋಯಿತು.

ಎರಡನೆಯ ಪಂದ್ಯದ ಹೊತ್ತಿಗೆ ಕಟ್ಟು ಕಲಸಿದರೂ ಕಲೆಯದೆ, ಇಟ್ಟಿಗೆಯ ಮೇಲೆ ಇಟ್ಟಿಗೆ ಬಿದ್ದಂತೆ ಬೀಳುತ್ತಿತ್ತು. ಶಕ್ತಿಯ ಕಾರ್ಡುಗಳೆಲ್ಲ ಅಪ್ಪಿಕೊಂಡು ಒಟ್ಟಾಗಿ ಅವನ ಕೈಗೇ ಬಂದವು. ಈಗ ಕೊಟ್ಟಿಗೆ ತುಂಬ ಸೌದೆ, ನೆಂಟರೊಬ್ಬರೂ ಇಲ್ಲ! ಕೊನೆಗೆ ಒಂದು ಡ್ರ್ಯಾಗನ್ ಬಂತು, ಬೆನ್ನಿಗೆ ಹಲ್ಲಿಯನ್ನು ಅಂಟಿಸಿಕೊಂಡು. ಬೆರಳಿಗೆ ಎಂಜಲು ಹಚ್ಚಿ ಬಿಡಿಸಲು ನೋಡಿದ. ಬಿಡಲಿಲ್ಲ. ಉಸಿರು ಬಿಗಿಹಿಡಿದು ಎಳೆದ. ಪರ್ರೆಂದಿತು. ಹಲ್ಲಿಯ ಚಿತ್ರವಷ್ಟೇ ಸುಲಿದು ಡ್ರ್ಯಾಗನ್‌ನ ಬೆನ್ನ ಮೇಲೆ ಉಳಿಯಿತು; ಅವನ ಕೈಯಲ್ಲಿ ಬಿಳೀ ರಟ್ಟು.

ಅಂಗಡಿಯಾಕೆ ಮತ್ತೆ ಬಂದು, ಅದನ್ನು ಬೆಳಕಿಗೆ ಹಿಡಿದಳು. “ಇದು ಯಾವ ಕಾರ್ಡು?”

“ಹಲ್ಲಿ, ಮೇಡಂ. ಈಗ ಸ್ವಲ್ಪ ಬಿಳಿಚಿಕೊಂಡಿದೆ.”

ಈ ಪಂದ್ಯವೂ ಹೋಯಿತು, ಆ ಕಟ್ಟಿನಲ್ಲಿ ಇನ್ನು ಆಡುವ ಹಾಗಿಲ್ಲ ಎಂದುಬಿಟ್ಟಳು. ಗರಿಗರಿಯಣ್ಣ ಸೈನ್ಯವನ್ನು ಡಬ್ಬಿಗೆ ತುಂಬುತ್ತಿದ್ದ. ಮೇಜು ಕೈಬಿಟ್ಟಂತೆಯೇ. ಅಷ್ಟರಲ್ಲಿ ಕೊನೆಯ ಸುತ್ತಿಗೆ ಜೋಡಿಗಳನ್ನು ಕೂಗಿದರು, ಅವನನ್ನೂ ಕೂಗಿದರು! ಮೂಲೆಯ ಆಸನ. ಎದುರಿಗಿದ್ದ ಕುರ್ಚಿ ಖಾಲಿ.

“ಆಡೋರು ಬೆಸ ಇದ್ದಾರೆ, ಒಬ್ಬರಿಗೆ ಜೋಡಿ ಸಿಗಲ್ಲ,” ಎಂದು ಅಂಗಡಿಯಾಕೆ ವಿವರಿಸಿದಳು. “ಎಲ್ಲರಿಗಿಂತ ಕೆಳಗಿರೋರನ್ನ ಆಡಿಸದೇನೇ ಗೆಲ್ಲಿಸಿಬಿಡೋದು ನಿಯಮ. ನೀವು ಗೆದ್ರಿ. ಮನೆಗೆ ಹೋಗಬಹುದು.”

ಜಟ್ಟಿ ಜಾರಿ ಬಿದ್ದಿದ್ದ, ಮೀಸೆ ಮಾತ್ರ ಮಣ್ಣಾಗಲಿಲ್ಲ! ಪಂದ್ಯ ಮುಗಿದ ಮೇಲೆ ಎದುರಾಳಿಯ ಕೈಕುಲುಕುವುದು ಅಲ್ಲಿನ ರೂಢಿ. ಕುರ್ಚಿಗೆ ಕೈಯಿರಲಿಲ್ಲವಾದ್ದರಿಂದ ಬೆನ್ನು ತಟ್ಟಿ ಎದ್ದ.

ಪಂದ್ಯ ನೋಡಲು ಜೊತೆಗೆ ಬಂದಿದ್ದ ಬಾಮೈದನಿಗೆ ದಾರಿಯುದ್ದಕ್ಕೂ ಒಂದೇ ಪಾಠ: ಗೆಲುವು ಗೆಲುವೇ, ಅಕ್ಕ ಕೇಳಿದ್ದು ಒಂದು ಗೆಲುವು, ಯಾರ ಮೇಲೆ ಎಂದು ಕೇಳಿಲ್ಲ. “ನಾನು ಬೀಗದೋನು ಭಾವ, ಬಾಯಿಗೂ ಹಾಕ್ಕೊಂಡಿರ್ತೀನಿ,” ಎಂದು ಬಾಮೈದ ಮಾತು ಕೊಟ್ಟ.

ಮನೆಯಲ್ಲಿ ಹೆಂಡತಿ ನೆಲದ ಮೇಲೇ ಇದ್ದಳು. ದಿನವಿಡೀ ಮೇಜಿನ ಬಳಿ ಯಾರೂ ಇಲ್ಲದಿದ್ದರೂ ಅದರ ಮೇಲೆ ಅವನು ಬಿಟ್ಟುಹೋಗಿದ್ದ ಉಳಿದ ಕಾರ್ಡುಗಳನ್ನು ಮುಟ್ಟದೆ, ನೀಲಿ ಬಟ್ಟೆಯನ್ನು ನೆಲಕ್ಕೆ ಹಾಸಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು. ಚೌಕಟ್ಟು ಹಿಡಿದು ಎದ್ದಳು.

“ಏನಾಯ್ತು?”

“ಗೆದ್ದೆ. ಕಪ್ ಅಲ್ಲ, ನೀನು ಕೇಳಿದಷ್ಟು.”

ಅವಳ ಮುಖ ಒಂದು ಗಳಿಗೆ ಇಳಿಯಿತು. ಆದರೂ ಒಳ್ಳೆಯದಾಯಿತು ಎಂದಳು. “ಎದುರಿಗಿದ್ದೋರು ಯಾರು?”

“ಯಾರೋ. ಮಾತು ಕಮ್ಮಿ.”

“ಚೆನ್ನಾಗಿ ಆಡಿದ್ರಾ?”

“ಇದ್ದ ಜಾಗದಿಂದ ಅಲ್ಲಾಡ್ಲಿಲ್ಲ.”

ಬಾಮೈದ ಕೆಮ್ಮು ಬಂದವನಂತೆ ಹೊರಗೆ ಹೋದ.

“ಸೋತಿದ್ದಕ್ಕೆ ಬೇಜಾರು ಮಾಡ್ಕೊಂಡ್ರೇನೋ, ಪಾಪ,” ಎನ್ನುತ್ತ ಅವಳು ಸೊಂಟ ನೀವಿಕೊಂಡಳು.

ಆ ‘ಪಾಪ’ ತಡೆಯಲಾಗಲಿಲ್ಲ. ಗರಿಗರಿಯಣ್ಣನ ಗಂಜಿಯೆಲ್ಲ ಒಮ್ಮೆಗೇ ಇಳಿಯಿತು. “ನಾಲ್ಕು ಕಾಲು, ಒಂದು ಬೆನ್ನು,” ಎಂದ ನೆಲ ನೋಡುತ್ತ. “ಖಾಲಿ ಕುರ್ಚಿ ಕಣೇ.” ಆಮೇಲೆ ಡಾಕ್ಟರು, ಶುಭ್ರತೆ, ಬಿಳಿಚಿದ ಹಲ್ಲಿ, ಒಂದೂ ಬಿಡದೆ ಒಪ್ಪಿಸಿದ.

ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಮೇಜಿನ ಬಳಿಯಿದ್ದ ಕುರ್ಚಿಯನ್ನು ಎಳೆದು ತಂದು ಅವನ ಮುಂದೆ ಇಟ್ಟಳು.

“ಕುರ್ಚಿನ ಗೆದ್ದಿದ್ದೀರಿ, ಕುರ್ಚಿ ತಗೊಳ್ಳಿ. ಮೇಜನ್ನ ಸೋಲಿಸಿದ ದಿನ ಬಂದು ಮೇಜು ಕೇಳಿ.”