ಕಡ್ಡಿ ಯಾವುದು, ಡಬ್ಬಿ ಯಾವುದು

ಮೇಷ್ಟ್ರಾದವನು ನಿವೃತ್ತನಾಗಬಹುದು, ಅವನು ಕಲಿಸಿದ ವಿಷಯ ಆಗುವುದಿಲ್ಲ. ಹಾವೇರಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸಿ, ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಇನ್ನು ಪೇಪರ್ ಓದುವುದು, ಮಧ್ಯಾಹ್ನ ಒಂದು ನಿದ್ದೆ ಅಂದುಕೊಂಡೆ. ಆದರೆ ನಾನು ಎಲ್ಲಿ ಕೂತರೂ ಆ ವಿಷಯ ಬಂದು ಪಕ್ಕದಲ್ಲಿ ಕೂರುತ್ತದೆ. ನನಗಂತೂ ಭಾರೀ ಖುಷಿ. ನನ್ನವಳಿಗೆ ಅಷ್ಟಿಲ್ಲ.

೧. ಮಂಟಪದಲ್ಲಿ ಮೂರನೆಯವ

ರಾಣೇಬೆನ್ನೂರಿನಲ್ಲಿ ಒಂದು ಮದುವೆ. ಊಟಕ್ಕೆ ನನ್ನ ಪಕ್ಕ ಕೂತವರು ಬ್ಯಾಡಗಿಯ ಕಡೆಯ ಮೆಣಸಿನಕಾಯಿ ಬೆಳೆಗಾರರ ಸಂಘವೊಂದರ ಕಾರ್ಯದರ್ಶಿ. "ಸರ್, ಕಾಲೇಜಿನ್ಯಾಗ ಏನು ಕಲಿಸ್ತಿದ್ರಿ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಲೇ ಇರುತ್ತೇನೆ.

ಪುಸ್ತಕದ ಕನ್ನಡದಲ್ಲಿ ಅದಕ್ಕೆ ಭೇದಕ ವಿಶ್ಲೇಷಣೆ ಅನ್ನುತ್ತಾರೆ. ನಮ್ಮ ಹುಡುಗರ ಬಾಯಲ್ಲಿ ಡಿಸ್ಕ್ರಿಮಿನಂಟು. "ಎರಡು ಗುಂಪು ಅದಾವ ಅನ್ರಿ. ಯಾರು ಯಾವ ಗುಂಪು ಅಂತ ಪಕ್ಕಾ ಗೊತ್ತಿರೋರನ್ನ ಮೊದಲ ಅಳೀಬೇಕು. ಎರಡರ ನಡುವ ಒಂದು ಗೆರಿ ಎಳೀಬೇಕು. ಆಮ್ಯಾಲೆ ಹೊಸಬ ಬಂದರ, ಗೆರಿಯ ಯಾವ ಕಡೆ ಬಿದ್ದ ನೋಡಿ ಅವನ ಗುಂಪು ಹೇಳೋದು," ಎಂದೆ.

"ಇಲ್ಲೇ ಮಾಡಿ ತೋರಸ್ರಿ ನೋಡೂಣು," ಅಂದರು.

ಹೆಣ್ಣಿನ ಕಡೆಯವರು ಅರ್ಧ ಕೂತು ಅರ್ಧ ಎದ್ದು, ಅಡುಗೆ ಬಾಗಿಲ ಮೇಲೆ ಕಣ್ಣಿಟ್ಟು ಉಣ್ಣುತ್ತಾರೆ. ಗಂಡಿನ ಕಡೆಯವರು ಸಾವಕಾಶ ಕೂತು, ಹೋಳಿಗೆಯಲ್ಲಿ ಬೆಲ್ಲ ಕಡಿಮೆ ಅನ್ನುತ್ತಾರೆ. ಎದುರಿನ ಪಂಕ್ತಿಯಲ್ಲಿ ಒಬ್ಬರು ಮೇಲಿಂದ ಮೇಲೆ ಹೋಳಿಗೆ ಹಾಕಿಸಿಕೊಂಡು, ತುಪ್ಪ ಸಾಲದೆಂದು ಬಡಿಸುವವನನ್ನು ಗದರಿಸುತ್ತಿದ್ದರು.

"ಅವರು ಗಂಡಿನ ಕಡೆಯವರು. ಅನುಮಾನನ ಬ್ಯಾಡ," ಎಂದು ನಾನು ದೊಡ್ಡ ದನಿಯಲ್ಲೇ ಸಾರಿದೆ.

ಅವರು ತಲೆ ಎತ್ತಿ, "ನಾ ಯಾವ ಕಡೆಯವನೂ ಅಲ್ರಿ. ನಮ್ಮ ಮದುವಿ ಬಾಜೂ ಮಂಟಪದಾಗ ಐತಿ. ಅಲ್ಲಿ ಅಡಗಿ ಇನ್ನೂ ಒಲಿ ಮ್ಯಾಲೆ ಐತಿ," ಅಂದರು.

೨. ಊಟದ ಮೇಜಿನ ಪ್ರಯೋಗಶಾಲೆ

ಇಷ್ಟಾದರೂ ಕಾರ್ಯದರ್ಶಿ ನನ್ನನ್ನು ನಂಬಿದರು. ಮರುವಾರವೇ ಮನೆಗೆ ಬಂದರು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಜಾತಿ. ಕಡ್ಡಿ ಉದ್ದ, ತೆಳ್ಳಗೆ. ಡಬ್ಬಿ ಗಿಡ್ಡ, ದಪ್ಪ. ಸಂಘ ತನ್ನದೇ ಹೆಸರು ಹಾಕಿ ಮಾರಲು ಹೊರಟಿತ್ತು. ಕಡ್ಡಿ ಚೀಲದಲ್ಲಿ ಕಡ್ಡಿಯೇ ಇರಬೇಕು, ಬೆರಕೆ ಕಂಡರೆ ಚೀಲ ವಾಪಸ್. ಕಡ್ಡಿಯಲ್ಲಿ ಗಿಡ್ಡ ಕಾಯಿ ಬಂದಾಗ ಮಾತ್ರ, ಅದು ಗಿಡ್ಡ ಕಡ್ಡಿಯೋ ಡಬ್ಬಿಯೋ ಎಂದು ಪ್ರತಿ ಸಲ ಜಗಳ.

"ಕಣ್ಣಿಂದ ನೋಡಿ ಹೇಳಿದರ, ಬೇಕಾದವರ ಪರ ಹೇಳಿದಿ ಅಂತಾರ. ನಿಮ್ಮ ಗೆರಿಗೆ ಬೇಕಾದವರು ಯಾರೂ ಇಲ್ಲಲ್ರಿ!" ಅಂದರು.

ಗುತ್ತಲದಲ್ಲಿರುವ ನನ್ನ ಅಕ್ಕನೂ ಆ ಸಂಘದ ಸದಸ್ಯೆ, ಎರಡೂ ಬೆಳೆಯುತ್ತಾಳೆ. ಮಾರಲಿಕ್ಕೆ ಕಡ್ಡಿ, ಮನೆಗೆಂದು ಬದುವಿನ ಪಕ್ಕ ಒಂದಿಷ್ಟು ಡಬ್ಬಿ. ಫೋನ್ ಮಾಡಿ, ಎರಡನ್ನೂ ಸ್ವಲ್ಪ ಸ್ವಲ್ಪ ಕಳಿಸು ಎಂದೆ. ಕಳಿಸಿದಳು. ಏನು ಕಾಯಿ ಅಂತೀರಿ! ಮೇಜಿನ ಮೇಲೆ ಸುರುವಿ, ಪಟ್ಟಿಯಿಂದ ಉದ್ದ, ದಾರ ಸುತ್ತಿ ಸುತ್ತಳತೆ ತೆಗೆದೆ. ಘಾಟಿಗೆ ಮನೆಯಲ್ಲಿ ಎಲ್ಲರೂ ಸೀನಿದೆವು. ಕಡ್ಡಿಯ ಸರಾಸರಿ ಒಂದು ಕಡೆ, ಡಬ್ಬಿಯ ಸರಾಸರಿ ಇನ್ನೊಂದು ಕಡೆ, ನಟ್ಟನಡುವೆ ಗೆರೆ. ಅದೇ ಕಾಯಿಗಳನ್ನು ಆ ಗೆರೆಗೆ ಒಡ್ಡಿ ನೋಡಿದರೆ ಒಂದೂ ತಪ್ಪಿಲ್ಲ!

ಅಡುಗೆಮನೆಗೆ ಹೋಗಿ ಹೇಳಿದೆ. ನನ್ನವಳು ಸೆರಗಿನಿಂದ ಮೂಗು ಒರೆಸಿಕೊಂಡು, "ಕಲಿಸಿದ ಲೆಕ್ಕಾನ ಪರೀಕ್ಷಾದಾಗ ಕೊಟ್ಟರ ದಡ್ಡನೂ ಪಾಸ್ ಆಗ್ತಾನ. ನಿಮ್ಮ ಕಾಲೇಜಿನ್ಯಾಗೂ ಹಿಂಗ ನಡೀತಿತ್ತೇನ್ರೀ?" ಅಂದಳು.

೩. ಅಕ್ಕ ಬೆರಕೆಯಾದದ್ದು

ಸಂಘದ ಅಂಗಳದಲ್ಲಿ ಮೊದಲ ಪರೀಕ್ಷೆ. ತಮ್ಮನ ಗೆರೆ ಎಂದು ಅಕ್ಕ ತನ್ನ ಕಡ್ಡಿ ಚೀಲವನ್ನೇ ಮುಂದೆ ಇಡಿಸಿದಳು. ಸುತ್ತ ಗುತ್ತಲದ ಮಂದಿಯೂ, ಅವರ ನಡುವೆ ಅಕ್ಕನ ಬೀಗರೂ ಇದ್ದರು. ಚೀಲದಿಂದ ಒಂದು ಬೊಗಸೆ ತೆಗೆದು ಅಳೆದೆವು. ಅರ್ಧದಷ್ಟು ಕಾಯಿ ಡಬ್ಬಿಯ ಕಡೆ ಬಿದ್ದವು.

ಕಾರ್ಯದರ್ಶಿ ಇನ್ನೊಮ್ಮೆ ಎಣಿಸಿ ನೋಡಿದರು. "ಅಕ್ಕಾರ... ಗೆರಿ ಪ್ರಕಾರ ಇದು ಬೆರಕಿ ಆಗ್ತೈತ್ರಿ."

"ಬೆರಕಿ?" ಅಕ್ಕ ಎದ್ದು ನಿಂತಳು. "ನಾನು ಬೆರಕಿ ಮಾಡಾಕಿ? ಏನೋ ತಮ್ಮಾ, ನಮ್ಮ ಮನಿ ಚೀಲಕ್ಕ ಇವತ್ತಿನ ತನಕ ಯಾರಾದರೂ ಬೆರಳು ತೋರ್ಸ್ಯಾರೇನು? ನಾಳೆ ನಾ ಈ ಮಂದಿಗೆ ಹೆಂಗ ಮಾರಿ ತೋರಸಲಿ?"

ಚೀಲ ವಾಪಸಾದರೆ ಹೋಗುವುದು ಅಕ್ಕನ ಹೆಸರು. ಅದೂ ನನ್ನ ಕೈಯಿಂದ. ಕಾಯಿಯೆಲ್ಲ ಕಣ್ಣಿಗೆ ಕಡ್ಡಿಯೇ; ಗೆರೆ ಮಾತ್ರ ಒಪ್ಪುತ್ತಿಲ್ಲ. ಆಗ ಹೊಳೆದು ಕೇಳಿದೆ, "ಅಕ್ಕಾ, ನನಗ ಕಳಿಸಿದ ಕಾಯಿ ಹೆಂಗ ತಗದಿ? ಚೀಲದಾಗ ಕೈ ಹಾಕಿ?"

"ಕೈಗೆ ಸಿಕ್ಕಿದ್ದು ಕಳಿಸಾಕ ನೀ ಏನು ಪರದೇಶಿಯೇನು? ತಮ್ಮನ ಮನಿಗೆ ಹೋಗೋ ಕಾಯಿ ಅಂತ, ಸೊಸೀನ ಕರಕೊಂಡು ಕುಂತು ಒಂದೊಂದ ಆರಿಸೀನಿ. ಕಡ್ಡಿ ಒಳಗ ಉದ್ದನೂ, ಡಬ್ಬಿ ಒಳಗ ದಪ್ಪನೂ."

ಅಂಗಳಕ್ಕೆ ಅಂಗಳವೇ ನಕ್ಕಿತು. ನಮ್ಮ ಕಡೆ ಯಾರ ಮನೆಗೂ ಆರಿಸದೆ ಕೊಡುವ ಪದ್ಧತಿ ಇಲ್ಲ. ಅಕ್ಕ ಮರ್ಯಾದೆ ಮಾಡಿದ್ದಳು, ನಾನು ಆ ಮರ್ಯಾದೆಯ ಸರಾಸರಿ ತೆಗೆದಿದ್ದೆ. ಅತ್ಯುತ್ತಮರನ್ನಷ್ಟೇ ನೋಡಿ ಗೆರೆ ಎಳೆದರೆ ಸಾಧಾರಣದವರೆಲ್ಲ ಪರಕೀಯರಾಗುತ್ತಾರೆ. ಕಾಯಿಗಷ್ಟೇ ಅಲ್ಲ, ಸೊಸೆಗೂ ಅಳಿಯನಿಗೂ ನಾವು ಎಳೆಯುವ ಗೆರೆ ಹೀಗೆಯೇ ಅಲ್ಲವೆ ಎಂದು ಯೋಚಿಸುತ್ತ ನಿಂತೆ.

ಅಷ್ಟರಲ್ಲಿ ಅಕ್ಕ, "ನಿಂತು ಏನು ನೋಡ್ತಿ? ಗೆರಿ ಸರಸು," ಅಂದಳು.

೪. ಗಣಿತದ ತಪ್ಪು

ಗೆರೆ ಸರಿಸಲು ಹೊಸ ಮಾದರಿ ಬೇಕು. ಎಲ್ಲ ಬೆಳೆಗಾರರಿಗೂ ಹೇಳಿದೆ, ಕಣ್ಣು ಮುಚ್ಚಿ ಚೀಲದಲ್ಲಿ ಮೊಳಕೈ ತನಕ ಕೈ ಇಳಿಸಿ, ಸಿಕ್ಕಿದ್ದನ್ನು ಕೊಡಿ ಎಂದು. ಎಲ್ಲರಿಗೂ ಸಂಕೋಚ. ಒಬ್ಬ ಹಿರಿಯರಂತೂ ಕಾಯಿ ಕೊಡುತ್ತ, "ತಪ್ಪು ತಿಳೀಬ್ಯಾಡ್ರಿ, ಮನಿಗೆ ಬ್ಯಾರೆ ಆರಿಸಿ ಕಳಸ್ತೇನಿ," ಎಂದು ಕೈಮುಗಿದರು.

ಹೊಸ ಗೆರೆ ಎಳೆದ ಮೇಲೆ ಅಕ್ಕನ ಅದೇ ಚೀಲವನ್ನು ಅದೇ ಮಂದಿಯ ಮುಂದೆ ಮತ್ತೆ ಬಿಚ್ಚಿದೆವು. ನಾಲ್ಕಾರು ಕಾಯಿ ಬಿಟ್ಟರೆ ಎಲ್ಲವೂ ಕಡ್ಡಿಯ ಕಡೆ. "ಆ ನಾಲ್ಕಾರು ಕಾಯಿ ಗಣಿತದ ತಪ್ಪು. ಎಷ್ಟೇ ಚಲೋ ಗೆರಿ ಇದ್ದರೂ ಒಂದಿಷ್ಟು ತಪ್ಪಿದ್ದೇ," ಎಂದು ನಾನೇ ಸಾರಿದೆ. ಕಾರ್ಯದರ್ಶಿ ಚೀಲಕ್ಕೆ ಸಂಘದ ಮುದ್ರೆ ಒತ್ತಿಸಿದರು. ಅಕ್ಕ ಗುತ್ತಲದ ಮಂದಿಯನ್ನು ಒಬ್ಬೊಬ್ಬರನ್ನೇ ನೋಡಿ, ಸೆರಗು ಸರಿಮಾಡಿಕೊಂಡಳು.

ಹಾವೇರಿ ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕ ಕೂತಳು. ಮೋಟೆಬೆನ್ನೂರು ದಾಟಿದ ಮೇಲೆ ಕಿವಿಯ ಹತ್ತಿರ ಬಗ್ಗಿ, "ತಮ್ಮಾ, ಆ ನಾಕಾರು ಕಾಯಿ ಅದಾವಲ್ಲ... ಅವು ಡಬ್ಬಿನೇ," ಅಂದಳು.

"ಏನು?"

"ನಿನಗ ಡಬ್ಬಿ ಆರಿಸಿದ ಮ್ಯಾಲೆ ಸಣ್ಣ ಕಾಯಿ ಕೇರೋ ಮೊರದಾಗ ಉಳದಿದ್ದವು. ಚೆಲ್ಲಾಕ ಮನಸ್ಸು ಬರಲಿಲ್ಲ. ಬಾಜೂಕ ಕಡ್ಡಿ ಚೀಲದ ಬಾಯಿ ತಗದಿತ್ತು, ಅದರಾಗ ಸುರುವಿದೆ. ಆವತ್ತು ಸಿಟ್ಟಿನ್ಯಾಗ ನೆನಪಾಗಲಿಲ್ಲ. ನಿನ್ನೆ ಮೊರ ಕೈಯಾಗ ಹಿಡದಾಗ ನೆನಪಾತು."

ನನ್ನ ಆನಂದಕ್ಕೆ ಪಾರವೇ ಇಲ್ಲ! ಬಸ್ಸಿನಲ್ಲೇ ಎದ್ದು ನಿಂತೆ. "ಹಂಗಾರ ನನ್ನ ಗೆರಿ ಒಂದು ಕಾಯಿಗೂ ತಪ್ಪಿಲ್ಲಲ್ಲಕ್ಕಾ! ವಾಪಸ್ ಹೋಗಿ ಕಾರ್ಯದರ್ಶಿಗೆ ಹೇಳೂಣು ನಡಿ!"

ಅಕ್ಕ ಅಂಗಿ ಹಿಡಿದು ಜಗ್ಗಿ ಕೂರಿಸಿದಳು. "ಸುಮ್ನ ಕುಂದ್ರು. ತಪ್ಪು ಗಣಿತದ್ದೇ ಇರಲಿ. ಗಣಿತಕ್ಕೇನು ಗುತ್ತಲದಾಗ ಬೀಗರು ಅದಾರೇನು?"