ಬಚ್ಚಲ ಕಿಟಕಿಯ ಹಪ್ಪಳ

ಬಚ್ಚಲಿಗೆಂದೇ ಹಪ್ಪಳ ಸುಡುವ ಮನುಷ್ಯ ಇಡೀ ಹೊಳಲ್ಕೆರೆಯಲ್ಲಿ ಒಬ್ಬರೇ ಇದ್ದಾರೆ. ನಾವು ಅವರ ಬಾಡಿಗೆದಾರರು.

ಮನೆ ತೋರಿಸಿದ ದಿನ ಅವರು ಪಡಸಾಲೆಯನ್ನೂ ಹೊಗಳಲಿಲ್ಲ, ಅಡುಗೆಮನೆಯನ್ನೂ ಹೊಗಳಲಿಲ್ಲ. ನೇರ ಬಚ್ಚಲಿಗೆ ಕರೆದೊಯ್ದು, "ಗೋಡೆ ಮುಟ್ರಿ. ಹೆಂಗೈತೆ?" ಎಂದರು. ಮುಟ್ಟಿದೆ. ಗೋಡೆ ಗೋಡೆಯಂತೆಯೇ ಇತ್ತು.

"ಒಣಗೈತೆ ಅಲ್ವಾ? ಬಿಟ್ಟು ಹೋಗೋವಾಗ್ಲೂ ಹಿಂಗೇ ಇರ್ಬೇಕು."

ಪ್ರತಿ ಭಾನುವಾರ ಸಂಜೆ ಕೆಳಗಿನ ಮನೆಯಿಂದ ಸುಟ್ಟ ಹಪ್ಪಳವೊಂದನ್ನು ತಂದು ನಮ್ಮ ಬಚ್ಚಲ ಕಿಟಕಿಯಲ್ಲಿ ಇಡುತ್ತಾರೆ. ಸೋಮವಾರ ಬೆಳಿಗ್ಗೆ ಬಂದು ಮುರಿಯುತ್ತಾರೆ. ಪಟ್ ಎಂದರೆ ಪಾಸು. ಮೆತ್ತಗೆ ಬಾಗಿದರೆ ಫೇಲು. ಆಮೇಲೆ ಅಲ್ಲೇ ಪಾಠ: "ಕಿಟಕಿ ತೆಗೀರಿ. ಮಿಂದ ಮೇಲೆ ನೀರು ತಳ್ರಿ. ಒದ್ದೆ ಟವೆಲ್ ಹೊರಗೆ ಹಾಕ್ರಿ. ಮೂಲೇಲಿ ಬೂಷ್ಟು ಕಂಡ್ರೆ ಅವತ್ತೇ ಉಜ್ರಿ." ಹಿಂದಿನ ಬಾಡಿಗೆದಾರರು ಸತತವಾಗಿ ಫೇಲಾಗಿ ಮನೆ ಖಾಲಿ ಮಾಡಬೇಕಾಯಿತು. ಇದು ವದಂತಿಯಲ್ಲ, ಅವರನ್ನೇ ಕೇಳಿ ಖಚಿತಪಡಿಸಿಕೊಂಡಿದ್ದೇನೆ.

ಒಂದು ಸೋಮವಾರ ನನ್ನ ಹೆಂಡತಿ ಮೆತ್ತಗಾದ ಹಪ್ಪಳ ತೆಗೆದು ಗರಿಗರಿಯಾದ ನಮ್ಮದನ್ನು ಇಟ್ಟಳು. ಮಾಲೀಕರು ಮುರಿದರು, ಕಣ್ಣ ಹತ್ತಿರ ಹಿಡಿದರು.

"ಇದರಾಗೆ ಜೀರಿಗೆ ಐತೆ. ನಮ್ಮನೇದ್ರಾಗೆ ಇರಲ್ಲ ಕಣವ್ವ."

ಹೀಗಿರುವಾಗ ನನ್ನ ತಂಗಿ ಬಾಣಂತನಕ್ಕೆ ಬಂದಳು. ಜೊತೆಗೆ ಅಮ್ಮ. ಬಾಣಂತಿಯ ನೀರೆಂದರೆ ಗೊತ್ತಲ್ಲ? ಬಾಗಿಲು ಮುಚ್ಚಿ, ಕಿಟಕಿ ಬಿಗಿದು, ಹೊಗೆಯಾಡುವ ನೀರನ್ನು ಬಿಂದಿಗೆಗಟ್ಟಲೆ ಹೊಯ್ಯುವುದು. ವಾರದೊಳಗೆ ಗೋಡೆ ಬೆವರಿ, ಮೂಲೆ ಕಪ್ಪಾಯಿತು. ಫೇಲಾಗುವುದು ಖಚಿತ. ಹಸುಗೂಸನ್ನು ಎತ್ತಿಕೊಂಡು ಎಲ್ಲಿ ಮನೆ ಹುಡುಕುವುದು?

ಸೋಮವಾರ ಮಾಲೀಕರು ಮೇಲೆ ಬಂದಾಗ ಸ್ನಾನ ಆಗಷ್ಟೇ ಮುಗಿದಿತ್ತು. ಅಮ್ಮ ಬಚ್ಚಲ ಬಾಗಿಲಿಗೆ ಅಡ್ಡ ನಿಂತಳು.

"ಕಿಟಕಿ ಮಾತ್ರ ತೆಗೆಯಲ್ಲ ನೋಡ್ರಿ. ಬಾಣಂತಿಗೆ ಗಾಳಿ ಸೋಕಬಾರ್ದು."

"ಯಾರು ತೆಗೀರಿ ಅಂದ್ರು? ದಾರಿ ಬಿಡ್ರವ್ವ."

ಒಳಗೆ ಹೋಗಿ ಗೋಡೆಗೆ ಅಂಗೈ ಇಟ್ಟರು. ಹೆಗಲ ಮೇಲಿದ್ದ ಹಳೇ ಪಂಚೆ ತೆಗೆದು ಮೇಲಿನಿಂದ ಕೆಳಕ್ಕೆ ಒರೆಸತೊಡಗಿದರು.

"ಬಿಡ್ರಿ, ನಾವು ಒರೆಸ್ತೀವಿ," ಎಂದೆ.

"ನಿಮಗೆ ಕೂಸಿನ ಕೆಲ್ಸ ಐತೆ. ಗೋಡೆ ನಂದು."

ಅಂದಿನಿಂದ ಹಪ್ಪಳ ಬಂದಿಲ್ಲ. ಸ್ನಾನದ ಹೊತ್ತಿಗೆ ಅವರೇ ಬಂದು, ಪಂಚೆ ಮಡಿಚಿಟ್ಟುಕೊಂಡು ಮೆಟ್ಟಿಲ ಮೇಲೆ ಕಾಯುತ್ತಾರೆ. ನಿನ್ನೆ ಒಳಗೆ ಮಗು ಜೋರಾಗಿ ಅತ್ತಿತು. ಮೆಟ್ಟಿಲಿಂದ ದನಿ ಬಂತು:

"ನೀರು ಬಿಸಿ ಜಾಸ್ತಿ ಆಯ್ತೇನೋ, ನೋಡ್ರವ್ವ."