ಒಂದೇ ಮಷೀನಿಗೆ ಆರು ವಿಳಾಸ

ನಾನು ಬೇಕಂತಲೇ ಮಾಡಿದ ಕಿತಾಪತಿಗಳು ಎಂದೂ ಇಷ್ಟು ಚೆನ್ನಾಗಿ ಆದದ್ದಿಲ್ಲ. ಇಂಥವು ತಾವಾಗಿಯೇ ಆಗುತ್ತವೆ, ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಅಷ್ಟೇ. ಹೈದರಾಬಾದಿನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲದ ಒಂದು ವಾರದ ಸಂಗತಿ ಇದು. ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಇನ್ನೂ ಹೆಚ್ಚು ನಿಜ.

೧. ಆರು ಬೆಲ್

ನನ್ನ ಪಕ್ಕದ ಕುರ್ಚಿ ಕಲಬುರ್ಗಿ ಕಡೆಯ ಒಬ್ಬ ಹೆಣ್ಣುಮಗಳದು, ನಮ್ಮೆಲ್ಲರ ಬಾಯಿಯಲ್ಲಿ ಅವರು 'ಬಾಯಾರು'. ದಿನಾ ಮೆಹದಿಪಟ್ಟಣಂನಿಂದ ಬಸ್ಸಿಗೆ ಜೋತುಬಿದ್ದು ಬರುತ್ತಿದ್ದರು. ಅವರದು ಆರು ತಿಂಗಳ ತಾತ್ಕಾಲಿಕ ನೌಕರಿ, ಗುರುವಾರಕ್ಕೆ ಮುಗಿಯುತ್ತಿತ್ತು. ಅದೇ ದಿನ ದಿಲ್ಲಿಯ ಗಿರಾಕಿ ಬರುವವನಿದ್ದ. ಆರು ಕಂಪ್ಯೂಟರಿನ ಕೆಲಸ ಒಂದೇ ಮಷೀನು ಮಾಡುವುದನ್ನು ಬಾಯಾರು ತೋರಿಸಬೇಕು. ಅವನು ಒಪ್ಪಿದರೆ ನೌಕರಿ ಕಾಯಂ. ಇಲ್ಲದಿದ್ದರೆ ಶುಕ್ರವಾರ ಬರುವುದೇ ಬೇಡ ಎಂದು ನಮ್ಮ ಬಾಸ್ ಸಾಫ್ ಹೇಳಿಬಿಟ್ಟಿದ್ದರು.

ಮಷೀನಿನಲ್ಲಿ ನಿಜವಾದ ನೆಟ್‌ವರ್ಕ್ ಕಾರ್ಡ್ ಒಂದೇ. ಅದರ ಮೇಲೆ ಕೈಗೆ ಸಿಗದ, ಬರೀ ಸಾಫ್ಟ್‌ವೇರಿನ ಆರು ಕಾರ್ಡ್ ಹುಟ್ಟಿಸಿ, ಒಂದೊಂದಕ್ಕೂ ನೆಟ್‌ವರ್ಕಿನಲ್ಲಿ ಗುರುತಾಗುವ ಬೇರೆ ಬೇರೆ ಹಾರ್ಡ್‌ವೇರ್ ವಿಳಾಸ ಕೊಟ್ಟರೆ, ಹೊರಗಿನವರಿಗೆ ಆರು ಮಷೀನು ಇದ್ದಂತೆ ಕಾಣುತ್ತದೆ. ಬಾಸ್ ತೆಲುಗಿನವರು, ಮಾತೆಲ್ಲ ಹಿಂದಿಯಲ್ಲಿ ನಡೆಯಿತು. ನಾನು ನಮ್ಮ ಭಾಷೆಗೆ ತಿರುಗಿಸಿದ್ದೇನೆ.

"ಮನಿ ಒಂದ ರೀ ಸರ, ಬಾಗಲಕ್ಕ ಬೆಲ್ ಆರು," ಎಂದರು ಬಾಯಾರು.

"ಆರೂ ಒಮ್ಮೆಗೇ ಹೊಡೆದರೆ ಬಾಗಿಲು ತೆಗೆಯೋದು ಯಾರು?" ಎಂದರು ಬಾಸ್.

"ಗುರುವಾರದ ತನಕ ನಾನ. ಶುಕ್ರವಾರದ್ದು ನೀವ ಹೇಳಬೇಕ್ರಿ."

೨. ಬಡಾ

ಹಾರ್ಡ್‌ವೇರ್ ವಿಳಾಸದಲ್ಲಿ ಅಂಕಿಗಳ ಜೊತೆಗೆ ಇಂಗ್ಲಿಷಿನ ಎ-ಯಿಂದ ಎಫ್‌-ವರೆಗಿನ ಅಕ್ಷರ ಮಾತ್ರ ಬಳಸಬಹುದು. ಅಕ್ಷರ ಕೈಗೆ ಕೊಟ್ಟರೆ ನಾನು ಸುಮ್ಮನಿರುವವನೇ? ಏಳನೆಯದೊಂದು ಕಾರ್ಡ್ ಮಾಡಿ, ಬಂದದ್ದನ್ನೆಲ್ಲ ನುಂಗಿ ಗಪ್ಪಗಿರುವಂತೆ ಕಟ್ಟಿ, ಅದರ ವಿಳಾಸದ ಕೊನೆಗೆ ಬಿ-ಎ-ಡಿ-ಎ ಎಂದು ಇಟ್ಟೆ. ನಮ್ಮ ಕಡೆಯ 'ಬ್ಯಾಡ'. ಅಂದರೆ ಮುಟ್ಟಬೇಡಿ. ಪರೀಕ್ಷೆಗೆಂದು ಮಾಡಿದ್ದು ಅಂತ ನನ್ನ ಹೇಳಿಕೆ. ಹೆದರಿಸಲಿಕ್ಕೆ ಮಾಡಿದ್ದು ಅಂತ ಬಾಯಾರ ಆರೋಪ.

ಬುಧವಾರದ ತಾಲೀಮು ಆಫೀಸಿನ ನೆಟ್‌ವರ್ಕಿಗೆ ಜೋಡಿಸದೆಯೇ ನಡೆಯಿತು. ಬಾಸ್ ವಿಳಾಸಗಳ ಪಟ್ಟಿಯ ಮೇಲೆ ಕಣ್ಣಾಡಿಸಿದರು. ಹಿಂದಿಯ 'ಬಡಾ' ಎಂದು ಓದಿಕೊಂಡರು: ಎಲ್ಲಕ್ಕಿಂತ ದೊಡ್ಡದು! ನೇರ ಅದಕ್ಕೇ ಸಂದೇಶ ಕಳಿಸಿದರು. ಉತ್ತರವಿಲ್ಲ. ಐದು ನಿಮಿಷ. ಹತ್ತು ನಿಮಿಷ. ಏಸಿ ಕೋಣೆಯಲ್ಲಿ ಬಾಯಾರ ಹಣೆ ಬೆವರಿತು.

"ದೊಡ್ಡದೇ ಸತ್ತು ಬಿದ್ದಿದೆ! ನಾಳೆ ಏನು ತೋರಿಸ್ತೀರಿ?"

"ಅದು ಬಡಾ ಅಲ್ರೀ ಸರ, ಬ್ಯಾಡ!"

"ಬ್ಯಾಡ್ ಅಂತ ನನಗೂ ಕಾಣ್ತಿದೆ," ಗುಡುಗಿದರು ಬಾಸ್. "ಇಂಗ್ಲಿಷಿನಲ್ಲಿ ಹೇಳಿದರೆ ಸರಿಹೋಗುತ್ತಾ?"

ಬಾಯಾರು ಆ ಏಳನೆಯದನ್ನು ಅಲ್ಲೇ ಅಳಿಸಿದರು. ನನ್ನನ್ನು ಅಳಿಸುವ ಬಟನ್ನೂ ಹುಡುಕಿದರಂತೆ, ಸಿಗಲಿಲ್ಲ.

೩. ಉಳಿದ ಐದು

ನಮ್ಮ ಕಾವಲು ಪಡೆಯ ಮುಖ್ಯಸ್ಥರು ಬೀದರ ಕಡೆಯ ಮಾಜಿ ಸುಬೇದಾರರು. ಆಫೀಸಿನಲ್ಲಿ ಎಲ್ಲಿಯಾದರೂ ಗುರುತಿಲ್ಲದ ಹಾರ್ಡ್‌ವೇರ್ ವಿಳಾಸ ಕಂಡರೆ ಅವರ ಕೋಣೆಯಲ್ಲಿ ಗಂಟೆ ಹೊಡೆಯುತ್ತಿತ್ತು, ಆ ಮಷೀನು ಜೋಡಿಸಿದ ಗೋಡೆಯ ನೆಟ್‌ವರ್ಕ್ ಸಾಕೆಟ್ ತಾನಾಗಿ ಬಂದ್ ಆಗುತ್ತಿತ್ತು. ಅವರಿಗೆ ಮೊದಲೇ ತಿಳಿಸುವ ಕೆಲಸ ನನ್ನದು. ತಿಳಿಸಿದ್ದೆ. ಮನಸ್ಸಿನಲ್ಲಿ.

ಗುರುವಾರ ಹನ್ನೊಂದು ಗಂಟೆ. ಗಿರಾಕಿಯ ಎದುರು ಬಾಯಾರು ಗೋಡೆಯ ಸಾಕೆಟ್ಟಿಗೆ ಕೇಬಲ್ ಚುಚ್ಚಿದರು. ಸ್ಕ್ರೀನಿನ ಮೇಲೆ ಆರು ವಿಳಾಸಗಳು ಮೂಡಿದವು, ಮೂಡಿದ ಹಾಗೇ ಒಟ್ಟಿಗೆ ಮಾಯವಾದವು. ಗಿರಾಕಿ ಗಡಿಯಾರ ನೋಡಿಕೊಂಡ. ಬಾಸ್ ಬಾಯಾರನ್ನು ನೋಡಿದರು. ಬಾಯಾರು ತಮ್ಮ ಬ್ಯಾಗಿನ ಜಿಪ್ಪು ಎಳೆಯತೊಡಗಿದರು.

ಧಡಾರನೆ ಬಾಗಿಲು ತೆರೆಯಿತು. ಸುಬೇದಾರರು, ಹಿಂದೆ ಇಬ್ಬರು ಲಾಠಿಯವರು.

"ಯಾರೂ ಅಳಗ್ಯಾಡಬ್ಯಾಡ್ರಿ! ಈ ಖೋಲ್ಯಾಗ ಆರು ಕಳ್ಳ ಮಷೀನ್ ಹೊಕ್ಕಾವ!"

ಮೇಜಿನ ಕೆಳಗೆ ಬಗ್ಗಿದರು, ಕಿಟಕಿಯ ಪರದೆ ಸರಿಸಿದರು, ಗಿರಾಕಿಯನ್ನೇ ಎಬ್ಬಿಸಿ ಅವನ ಕುರ್ಚಿ ಬೋರಲು ಹಾಕಿದರು. ಸಿಕ್ಕಿದ್ದು ಒಂದೇ ಮಷೀನು.

"ನಿಮಗೆ ನಿಜಕ್ಕೂ ಆರು ಕಂಡವಾ?" ಗಿರಾಕಿ ಕೇಳಿದ.

"ಮಕ್ಕಳಾಣಿ ರೀ! ಆರಕ್ಕ ಆರು, ಬ್ಯಾರೆ ಬ್ಯಾರೆ!"

ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಮ್ಮ ಕಾವಲಿನವರೇ ನಂಬಿದ ಮೇಲೆ ನನಗೆ ಬೇರೆ ಪುರಾವೆ ಯಾಕೆ? ಒಪ್ಪಿದೆ."

ಬಾಸ್ ಅಲ್ಲೇ ಬಾಯಾರ ಕಾಯಂ ನೌಕರಿಯ ಕಾಗದಕ್ಕೆ ಸಹಿ ಹಾಕಿದರು. ಬಾಯಾರು ಕಣ್ಣೊರೆಸಿಕೊಂಡು ಬಾಗಿಲ ಕಡೆ ಓಡಿದರು. ಸುಬೇದಾರರು ಅಡ್ಡ ನಿಂತರು.

"ಎಲ್ಲಿಗಿ?"

"ನಾ ಪರ್ಮನೆಂಟ್ ಆದ್ನಿರಿ! ಮನೀಗ ಫೋನ್ ಮಾಡಿ ಬರ್ತೀನಿ."

"ಅವಸರ ಏನೈತಿ?" ಸುಬೇದಾರರು ಬಾಗಿಲಿಗೆ ಚಿಲಕ ಹಾಕಿದರು. "ಉಳಿದ ಐದು ಸಿಗೂತನಕ ಈ ಖೋಲ್ಯಾಗ ಎಲ್ಲಾರೂ ಪರ್ಮನೆಂಟ್!"